ಓದುಗರ ಪ್ರಶ್ನೆಗಳಿಗೆ ಉತ್ತರ: ಕಾಲುವೆ ಸೀಮೆಯಲ್ಲಿ ಸೈಕಲ್ ಸವಾರಿ

ಪ್ರಶ್ನೆ: ನನಗೆ ಐವತ್ತೆಂಟು ವರ್ಷ. ಮಂಡಿನೋವಿಗೆ ಸೈಕಲ್ ತುಳಿಯುವುದು ಒಳ್ಳೆಯದೆಂದು ವೈದ್ಯರು ಹೇಳಿದ ಮೇಲೆ ಗೇರ್ ಸೈಕಲ್ ಕೊಂಡಿದ್ದೇನೆ. ಮುಖ್ಯರಸ್ತೆಗೆ ಇಳಿದರೆ ಲಾರಿಗಳ ಭಯ, ಬಡಾವಣೆಯಲ್ಲೇ ಸುತ್ತಿದರೆ ಬೇಸರ. ಏರುತಗ್ಗುಗಳಿಲ್ಲದ, ವಾಹನಗಳ ಕಾಟವಿಲ್ಲದ, ನೋಡುವಂಥ ಹಳೆಯ ಜಾಗಗಳೂ ಇರುವ ದಾರಿ ನಮ್ಮ ಕಡೆ ಇದೆಯೇ? — ಓದುಗರು, ಗಂಗಾವತಿ

ಉತ್ತರ: ಸೈಕಲ್‌ಗೆಂದೇ ಮೀಸಲಾದ ಉದ್ದನೆಯ ದಾರಿ ನಮ್ಮ ಸೀಮೆಯಲ್ಲಿಲ್ಲ. ಆದರೆ ಬೆಳಗಿನ ಆರರಿಂದ ಎಂಟೂವರೆಯವರೆಗೆ ಬಹುಪಾಲು ಖಾಲಿಯಾಗಿರುವ ಹಳ್ಳಿ ರಸ್ತೆಗಳು ಬೇಕಾದಷ್ಟಿವೆ. ಇಲ್ಲಿ ನಕ್ಷೆ ನೋಡಿ ದಾರಿ ಆರಿಸಿಕೊಳ್ಳುವುದಕ್ಕಿಂತ ಭತ್ತದ ಹಂಗಾಮು ನೋಡಿ ಆರಿಸಿಕೊಳ್ಳುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಒಂದೇ ರಸ್ತೆ ಆಗಸ್ಟ್ ತಿಂಗಳಲ್ಲಿ ನಿರ್ಜನವಾಗಿದ್ದು, ನವೆಂಬರ್ ಕೊನೆಗೆ ಟ್ರ್ಯಾಕ್ಟರ್, ಕಟಾವು ಯಂತ್ರ ಮತ್ತು ಭತ್ತದ ಲಾರಿಗಳಿಂದ ತುಂಬಿರುತ್ತದೆ.

ನೀವಿರುವ ಊರು ಈ ಮಟ್ಟಿಗೆ ಅದೃಷ್ಟದ ಜಾಗ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಲ್ಲಲ್ಲಿ ಅಣೆಕಟ್ಟು ಹಾಕಿ ತೆಗೆದ ಕಾಲುವೆಗಳು ಆನೆಗೊಂದಿ, ಗಂಗಾವತಿ ಸುತ್ತಿನ ಗದ್ದೆಗಳಿಗೆ ಇಂದಿಗೂ ನೀರುಣಿಸುತ್ತಿವೆ. ನೀರು ತಾನಾಗಿಯೇ ಹರಿದು ಹೋಗಲೆಂದು ಈ ಕಾಲುವೆಗಳನ್ನು ಗುಡ್ಡಗಳ ಬುಡ ಬಳಸಿ, ಬಹಳ ಸಣ್ಣ ಇಳಿಜಾರಿನಲ್ಲಿ ತೆಗೆದಿರುವುದರಿಂದ ಅವುಗಳ ಮಗ್ಗುಲಲ್ಲಿ ಸಾಗುವ ದಾರಿಗಳೂ ಹೆಚ್ಚುಕಡಿಮೆ ಸಮತಟ್ಟಾಗಿಯೇ ಇರುತ್ತವೆ. ಸುತ್ತಲೂ ಬಂಡೆಗುಡ್ಡಗಳಿದ್ದರೂ ನಿಮ್ಮ ಮಂಡಿಗೆ ಅವುಗಳ ಬಾಧೆ ತಟ್ಟುವುದಿಲ್ಲ. ಈಗಿನ ತುಂಗಭದ್ರಾ ಜಲಾಶಯದ ಯೋಜನೆಯ ಕಾಲುವೆಗಳು ಹಂಗಾಮು ಮುಗಿದೊಡನೆ ಬತ್ತುತ್ತವೆ. ಈ ಹಳೆಯ ಕಾಲುವೆಗಳಲ್ಲಿ ವರ್ಷದ ಬಹುಭಾಗ ನೀರಿರುವುದರಿಂದ ಬಾಳೆ, ಕಬ್ಬು, ತೆಂಗಿನ ನೆರಳು ದಾರಿಯುದ್ದಕ್ಕೂ ಸಿಗುತ್ತದೆ.

ಮೊದಲಿಗೆ ಗಂಗಾವತಿಯಿಂದ ಸಂಗಾಪುರದ ಮೇಲೆ ಆನೆಗೊಂದಿಗೆ ಹೋಗಿ ಬನ್ನಿ. ಒಂದು ದಿಕ್ಕಿಗೆ ಹತ್ತು ಹನ್ನೆರಡು ಕಿಲೋಮೀಟರ್ ಆಗುತ್ತದೆ. ಆನೆಗೊಂದಿಯಲ್ಲಿ ರಂಗನಾಥನ ಗುಡಿ, ಗಗನಮಹಲ್ ಇವುಗಳ ಮುಂದೆ ಎಲ್ಲರೂ ನಿಲ್ಲುತ್ತಾರೆ. ನೀವು ಹೊಳೆಯ ಕಡೆಗಿರುವ ಹುಚ್ಚಪ್ಪಯ್ಯನ ಮಠಕ್ಕೂ ಹೋಗಿ. ಅಲ್ಲಿಯ ಕಪ್ಪುಕಲ್ಲಿನ ಕಂಬಗಳನ್ನು ಚರಕಿ ಹಿಡಿದಂತೆ ದುಂಡಗೆ ಕಡೆದು ನುಣುಪು ಮಾಡಿದ್ದಾರೆ, ಕೈಯಾಡಿಸಿದರೆ ಉಳಿಯ ಗುರುತೇ ಸಿಗುವುದಿಲ್ಲ. ಚಾವಣಿಯಲ್ಲಿ ಹಳೆಯ ವರ್ಣಚಿತ್ರಗಳ ಅವಶೇಷವಿದೆ. ದಣಿವಾಗಿರದಿದ್ದರೆ ಕಡೇಬಾಗಿಲಿನವರೆಗೆ ಮುಂದುವರಿಯಬಹುದು. ಅಲ್ಲಿ ಹೊಳೆಗೆ ಸೇತುವೆಯಿದ್ದು, ದಾಟಿದರೆ ಬುಕ್ಕಸಾಗರ, ಅಂದರೆ ವಿಜಯನಗರ ಜಿಲ್ಲೆಯ ಸೀಮೆ.

ಆನೆಗೊಂದಿಯಿಂದ ಪಡುವಣಕ್ಕೆ, ಅಂಜನಾದ್ರಿ, ಪಂಪಾ ಸರೋವರ, ಸಣಾಪುರ ಕೆರೆಯ ಕಡೆಗೆ ಹೋಗುವ ರಸ್ತೆ ಮಾತ್ರ ಈಗ ನಿಮ್ಮಂಥವರಿಗೆ ಹೇಳಿಸಿದ್ದಲ್ಲ. ಬಂಡೆಗಳ ನಡುವೆ ಗದ್ದೆ ಹಾಸಿರುವ ಆ ನೋಟ ಈ ಸುತ್ತಿನಲ್ಲೇ ಚೆಲುವಾದದ್ದು, ಅದನ್ನು ಒಪ್ಪುತ್ತೇವೆ. ಆದರೆ ಶನಿವಾರ, ಭಾನುವಾರ ಮತ್ತು ಹನುಮ ಮಾಲೆ ವಿಸರ್ಜನೆಯ ದಿನಗಳಲ್ಲಿ ಅಲ್ಲಿ ಕಾರು ಬಸ್ಸುಗಳದೇ ರಾಜ್ಯ. ಹೋಗಲೇಬೇಕೆಂದರೆ ಬುಧವಾರವೋ ಗುರುವಾರವೋ ಬೆಳಕು ಹರಿದ ಮೇಲೆ ಹೊರಟು ಒಂಬತ್ತರೊಳಗೆ ಹಿಂದಿರುಗಿ. ಆ ಗುಡ್ಡಸಾಲಿನಲ್ಲಿ ಚಿರತೆ, ಕರಡಿಗಳು ಇರುವುದರಿಂದ ನಸುಕಿನಲ್ಲಿ ಮತ್ತು ಮುಸ್ಸಂಜೆಯ ಮೇಲೆ ಒಂಟಿಯಾಗಿ ಹೋಗಬೇಡಿ.

ಹೊಳೆಯಾಚೆಯ ಕಂಪ್ಲಿಗೆ ಹೋಗುವ ಮನಸ್ಸಾದರೆ, ಜಲಾಶಯದಿಂದ ನದಿಗೆ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ಆ ದಾರಿಯ ಸೇತುವೆ ಮುಳುಗಿ ಸಂಚಾರ ನಿಂತುಹೋಗುತ್ತದೆ ಎಂಬುದು ನಿಮಗೆ ತಿಳಿದೇ ಇದೆ.

ಪ್ರಶ್ನೆ: ನಮ್ಮ ಮನೆಯ ಹತ್ತಿರವೇ ಎಡದಂಡೆ ಕಾಲುವೆಯ ಉಪಕಾಲುವೆ ಹಾದುಹೋಗುತ್ತದೆ. ಅದರ ಏರಿಯ ಮೇಲೆ ಹತ್ತು ವರ್ಷದ ಮಗನೊಂದಿಗೆ ಸೈಕಲ್ ಓಡಿಸಬಹುದೇ? ಯಾರಾದರೂ ತಡೆಯುತ್ತಾರೆಯೇ? — ಓದುಗರು, ಸಿಂಧನೂರು ತಾಲ್ಲೂಕು

ಉತ್ತರ: ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ 227 ಕಿಲೋಮೀಟರ್ ಉದ್ದವಿದ್ದು, ಕೊಪ್ಪಳ ಜಿಲ್ಲೆಯನ್ನು ದಾಟಿ ರಾಯಚೂರಿನವರೆಗೆ ಹೋಗುತ್ತದೆ. ಅದರ ಏರಿಯ ಮೇಲಿನ ದಾರಿಯಿರುವುದು ಇಲಾಖೆಯ ಜೀಪು ಮತ್ತು ಗ್ಯಾಂಗ್‌ಮನ್‌ಗಳ ಓಡಾಟಕ್ಕೆ. ಹಳ್ಳಿಯವರು ಹೊಲಕ್ಕೆ ಅದರ ಮೇಲೆಯೇ ಹೋಗಿಬರುತ್ತಾರೆಂಬುದು ನಿಜವಾದರೂ ಅದು ಸಾರ್ವಜನಿಕ ರಸ್ತೆಯಲ್ಲ. ಗೇಟು ಅಥವಾ ಸರಪಳಿ ಹಾಕಿದ್ದ ಕಡೆ ದಾಟಿ ಹೋಗಬಾರದು, ಸಿಬ್ಬಂದಿ ಹಿಂದಿರುಗಿ ಎಂದರೆ ವಾದಿಸದೆ ಹಿಂದಿರುಗಬೇಕು. ಇದರ ಜೊತೆಗೆ, ಮೇಲ್ಭಾಗದಲ್ಲಿ ಅಕ್ರಮವಾಗಿ ನೀರೆತ್ತುವುದನ್ನು ತಡೆದು ಕೊನೆಭಾಗದ ರೈತರಿಗೆ ನೀರು ಮುಟ್ಟಿಸಲು ಜಿಲ್ಲಾಡಳಿತ ಕಾಲುವೆಯುದ್ದಕ್ಕೂ ನಿಷೇಧಾಜ್ಞೆ ಹೊರಡಿಸುವುದುಂಟು. ಅಂಥ ದಿನಗಳಲ್ಲಿ ಏರಿಯ ಹತ್ತಿರ ಸುಳಿಯದಿರುವುದೇ ಕ್ಷೇಮ.

ಮಗನ ವಿಷಯದಲ್ಲಿ ನಮ್ಮ ಉತ್ತರ ಇನ್ನೂ ಖಚಿತ: ನೀರು ಹರಿಯುವಾಗ ಅವನನ್ನು ಏರಿಯ ಮೇಲೆ ಕರೆದೊಯ್ಯಬೇಡಿ. ಸಿಮೆಂಟ್ ಹಾಕಿದ ಕಾಲುವೆಯ ಒಳಮೈ ಇಳಿಜಾರಾಗಿದ್ದು ಪಾಚಿ ಕಟ್ಟಿರುತ್ತದೆ. ಬಿದ್ದವರಿಗೆ ಹಿಡಿಯಲು ಏನೂ ಸಿಗದು, ಈಜು ಬಲ್ಲ ದೊಡ್ಡವರೇ ಮೇಲೆ ಬರಲಾರದೆ ಕೊಚ್ಚಿಹೋಗಿದ್ದಾರೆ. ಕೈಕಾಲು ತೊಳೆಯುವ ನೆಪದಲ್ಲೂ ಇಳಿಯಬಾರದು. ಅದಕ್ಕೆ ಬದಲು ಕಾಲುವೆಯಿಂದ ಸ್ವಲ್ಪ ದೂರದಲ್ಲಿ ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುವ ಡಾಂಬರು ರಸ್ತೆಗಳನ್ನು ಹಿಡಿಯಿರಿ. ಅಣೆಕಟ್ಟು ಕಟ್ಟಿದ ಮೇಲೆ ಆಂಧ್ರದ ಕಡೆಯಿಂದ ಬಂದು ನೆಲೆಸಿದ ರೈತರ ಈ ಕ್ಯಾಂಪುಗಳು ಎರೆನೆಲದ ನಡುವೆ ಒಂದರಿಂದೊಂದಕ್ಕೆ ಹತ್ತಿರದಲ್ಲೇ ಇರುವುದರಿಂದ ಹುಡುಗ ದಣಿದರೆ ನಿಲ್ಲಲು ನೆರಳು, ಕುಡಿಯಲು ಶುದ್ಧ ನೀರಿನ ಘಟಕ, ತಿನ್ನಲು ಬಿಸಿ ಇಡ್ಲಿ ಎಲ್ಲವೂ ಸಿಗುತ್ತವೆ. ಎರಡು ಎಚ್ಚರಿಕೆಗಳಿವೆ. ಗದ್ದೆಗೆ ಔಷಧಿ ಹೊಡೆಯುತ್ತಿದ್ದರೆ ಗಾಳಿ ಎತ್ತಲಿಂದ ಬೀಸುತ್ತಿದೆಯೆಂದು ನೋಡಿ ದಾರಿ ಬದಲಿಸಿ. ಕೊಯ್ಲಿನ ಕಾಲದಲ್ಲಿ ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿ ಅಂಚಿಗೆ ಕಲ್ಲುಗಳನ್ನು ಇಟ್ಟಿರುತ್ತಾರೆ. ಕಾಳಿನ ಮೇಲೆ ಸೈಕಲ್ ಜಾರುತ್ತದೆ, ಒಣಹಾಕಿದವರಿಗೂ ನೋವಾಗುತ್ತದೆ, ಆದ್ದರಿಂದ ಇಳಿದು ತಳ್ಳಿಕೊಂಡು ಹೋಗುವುದು ಒಳ್ಳೆಯದು.

ಪ್ರಶ್ನೆ: ನಾವು ನಾಲ್ಕೈದು ಗೆಳೆಯರು ಅಶೋಕನ ಶಾಸನಗಳಿರುವ ಊರುಗಳನ್ನು ಸೈಕಲ್ ಮೇಲೆ ನೋಡಬೇಕೆಂದಿದ್ದೇವೆ. ಬಳ್ಳಾರಿಯಿಂದಲೇ ಹೊರಡಬಹುದೇ? — ಓದುಗರು, ಬಳ್ಳಾರಿ

ಉತ್ತರ: ಬಳ್ಳಾರಿಯಿಂದ ಸಿರುಗುಪ್ಪದ ಹೆದ್ದಾರಿಯಲ್ಲಿ ಸೈಕಲ್ ಬೇಡ, ಲಾರಿಗಳ ಸಾಲು ಅಲ್ಲಿ ಕಡಿಯುವುದೇ ಇಲ್ಲ. ತೆಕ್ಕಲಕೋಟೆಯವರೆಗೆ ಸೈಕಲ್‌ಗಳನ್ನು ವಾಹನದಲ್ಲಿ ಸಾಗಿಸಿ, ಅಲ್ಲಿಂದ ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆಗಳಲ್ಲಿ ನಿಟ್ಟೂರು ಮತ್ತು ಉದೇಗೊಳಗಳಿಗೆ ಹೋಗಿ. ಎರಡೂ ಸಿರುಗುಪ್ಪ ತಾಲ್ಲೂಕಿನವು. ಅಶೋಕನ ಬಹುತೇಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಷ್ಟೇ ಇದ್ದು, ಅರಸನ ಹೆಸರು ನೇರವಾಗಿ ಬರುವ ಕೆಲವೇ ಶಾಸನಗಳಲ್ಲಿ ಇವೆರಡೂ ಸೇರಿವೆ. ಇಂಥ ಶಾಸನಗಳಲ್ಲಿ ಮೊದಲು, 1915ರಲ್ಲಿ, ಬೆಳಕಿಗೆ ಬಂದದ್ದು ರಾಯಚೂರು ಜಿಲ್ಲೆಯ ಮಸ್ಕಿಯದು. ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್‌ಗೆ ಅದು ಕಂಡಿತು. ಮಸ್ಕಿಯೂ ಇದೇ ಹೆದ್ದಾರಿಯ ಮೇಲಿರುವುದರಿಂದ ಅದನ್ನು ಸೈಕಲ್ ಪ್ರವಾಸಕ್ಕೆ ಸೇರಿಸದೆ ಇನ್ನೊಂದು ದಿನ ಬಸ್ಸಿನಲ್ಲಿ ಹೋಗಿ ನೋಡಿ.

ಬಳ್ಳಾರಿಗೆ ಹತ್ತಿರದಲ್ಲೇ ಅರ್ಧ ದಿನದ ಸವಾರಿ ಸಾಕೆಂದರೆ ಸಂಗನಕಲ್ಲಿದೆ. ಅಶೋಕನಿಗಿಂತ ಬಹಳ ಹಿಂದೆ, ನವಶಿಲಾಯುಗದ ಜನ ಅಲ್ಲಿಯ ಗುಡ್ಡದ ಕರಿಕಲ್ಲನ್ನು ಒಡೆದು ಕೊಡಲಿಗಳನ್ನು ಮಾಡುತ್ತಿದ್ದರು. ಅಲ್ಲಿ ಸಿಕ್ಕ ವಸ್ತುಗಳನ್ನು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಮೊದಲು ಅದನ್ನು ನೋಡಿಕೊಂಡು ಹೋದರೆ ಗುಡ್ಡದ ಮೇಲಿನ ಕಲ್ಲಿನ ಚೂರುಗಳಿಗೆ ಅರ್ಥ ಬರುತ್ತದೆ.

ಪ್ರಶ್ನೆ: ರೈಲಿನಲ್ಲಿ ಹೋಗಿ, ಸೈಕಲ್ ತುಳಿದು, ಸಂಜೆಗೆ ರೈಲಿನಲ್ಲೇ ಹಿಂದಿರುಗುವ ಮಾರ್ಗವೊಂದನ್ನು ತಿಳಿಸಿ. — ಓದುಗರು, ಕೊಪ್ಪಳ

ಉತ್ತರ: ಬನ್ನಿಕೊಪ್ಪ ನಿಲ್ದಾಣದಲ್ಲಿ ಇಳಿದು ಇಟಗಿ, ಕುಕನೂರು ನೋಡಿ ಬನ್ನಿ. ಇಟಗಿಯಿಂದ ಕುಕನೂರಿಗೆ ಸುಮಾರು ಏಳು ಕಿಲೋಮೀಟರ್. ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಇಟಗಿಯ ಗುಡಿಯನ್ನು ಅಲ್ಲಿಯ ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿರುವುದು ಅತಿಶಯವೆನಿಸುವುದಿಲ್ಲ. ಕುಕನೂರಿನ ನವಲಿಂಗ ಗುಡಿ ಅದಕ್ಕಿಂತ ಹಳೆಯದು, ರಾಷ್ಟ್ರಕೂಟರ ಕಾಲದ್ದು. ಇದು ಕಾಲುವೆ ಸೀಮೆಯಲ್ಲ, ಮಳೆಯಾಶ್ರಿತ ಎರೆಭೂಮಿ. ಹಿಂಗಾರಿ ಜೋಳ, ಕಡಲೆ ನಿಂತಿರುವ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಹೋಗುವುದು ಸೂಕ್ತ. ಮಳೆ ಬಿದ್ದ ಮರುದಿನ ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದಿರೋ, ಎರೆಮಣ್ಣು ಮಡ್‌ಗಾರ್ಡಿನೊಳಗೆ ಗಿಡಿದುಕೊಂಡು ಚಕ್ರ ತಿರುಗುವುದೇ ನಿಂತು, ಸೈಕಲ್ಲನ್ನು ನೀವೇ ಹೊತ್ತುಕೊಂಡು ಬರಬೇಕಾಗುತ್ತದೆ. ಸೈಕಲ್ಲನ್ನು ರೈಲಿನ ಲಗೇಜ್ ವ್ಯಾನಿಗೆ ಹಾಕಿಸಬೇಕಾಗುವುದರಿಂದ, ಸಣ್ಣ ನಿಲ್ದಾಣದಲ್ಲಿ ಅದನ್ನು ಇಳಿಸುವ, ಹತ್ತಿಸುವ ವ್ಯವಸ್ಥೆ ಇದೆಯೇ ಎಂದು ಕೊಪ್ಪಳದ ನಿಲ್ದಾಣದಲ್ಲಿ ಮುಂಚಿತವಾಗಿ ಕೇಳಿಕೊಳ್ಳಿ.

ಪ್ರಶ್ನೆ: ತೆಳುವಾದ ಟೈರಿನ ರೇಸಿಂಗ್ ಸೈಕಲ್ ನಮ್ಮ ಹಳ್ಳಿ ರಸ್ತೆಗಳಿಗೆ ಒಗ್ಗುತ್ತದೆಯೇ? — ಓದುಗರು, ಮಾನ್ವಿ

ಉತ್ತರ: ಒಗ್ಗುವುದಿಲ್ಲ. ಕೆಸರುಗದ್ದೆಯಿಂದ ಬರುವ ಟ್ರ್ಯಾಕ್ಟರಿನ ಕಬ್ಬಿಣದ ಚಕ್ರಗಳು ಡಾಂಬರನ್ನು ಸೀಳಿಹಾಕಿರುತ್ತವೆ. ಕನಿಷ್ಠ 32 ಮಿಲಿಮೀಟರ್ ಅಗಲದ ಟೈರ್ ಇರಲಿ. ಅದಕ್ಕಿಂತ ದೊಡ್ಡ ಶತ್ರು ಬಳ್ಳಾರಿ ಜಾಲಿ. ರಸ್ತೆಯ ಬದಿಯ ಜಾಲಿ ಕಡಿದ ವಾರದಲ್ಲಿ ಒಣಮುಳ್ಳುಗಳು ಡಾಂಬರಿನ ಮೇಲೆ ಚೆಲ್ಲಿರುತ್ತವೆ, ಒಂದು ಮುಳ್ಳು ಕಿತ್ತು ಪ್ಯಾಚ್ ಹಾಕಿದರೂ ಇನ್ನೊಂದು ಟೈರಿನೊಳಗೆ ಮುರಿದು ಕುಳಿತಿರುತ್ತದೆ. ಆದ್ದರಿಂದ ಟ್ಯೂಬ್ ಬದಲಿಸುವ ಮೊದಲು ಟೈರಿನ ಒಳಮೈಯನ್ನು ಬೆರಳಿನಿಂದ ನಿಧಾನವಾಗಿ ಸವರಿ ನೋಡಬೇಕು. ಗೇರ್ ಸೈಕಲ್ಲಿನ ಸಣ್ಣ ಬಾಯಿಯ ವಾಲ್ವ್‌ಗೆ ಹೊಂದುವ ಪಂಪು ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಸಿಗುವುದು ಅಪರೂಪವಾದ್ದರಿಂದ ಒಂದು ಕೈಪಂಪು, ಎರಡು ಟ್ಯೂಬ್, ಪ್ಯಾಚು ಮತ್ತು ಸೊಲ್ಯೂಷನ್ ನಿಮ್ಮ ಚೀಲದಲ್ಲೇ ಇರಲಿ.