‘ಚೈನಾ ಓಬ್ರಯನ್’ ಯಾಕೆ ಇಷ್ಟು ಸಪ್ಪೆ?

‘ಎಂಟರ್ ದ ಡ್ರ್ಯಾಗನ್’ ನಿರ್ದೇಶಕರ ಸಿನಿಮಾ, ನಾಯಕಿ ನಿಜವಾದ ಚಾಂಪಿಯನ್, ಆದರೂ ‘ಚೈನಾ ಓಬ್ರಯನ್’ ಯಾಕೆ ನಿರಾಸೆ ಮಾಡಿತು, ದುಡ್ಡು ಕಡಿಮೆ ಇದ್ದದ್ದಕ್ಕಾ ಅಂತ ಕೇಳಿದ್ದೀರಿ.

ದುಡ್ಡಲ್ಲ ಅಂತ ನನ್ನ ಅನಿಸಿಕೆ. ಮಂಗಳೂರಿನಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಕರಾಟೆ ಹೇಳಿಕೊಡುತ್ತೇನೆ. ಇದರ ನಾಯಕಿ ಸಿಂಥಿಯಾ ರಾಥ್‌ರಾಕ್ ಅಂದರೆ ನನಗೆ ತುಂಬಾ ಅಭಿಮಾನ. ಅದಕ್ಕೇ ಬೇಜಾರು ಜಾಸ್ತಿಯಾಯಿತು.

ಕಥೆಯ ಎಳೆ ಚೆನ್ನಾಗಿಯೇ ಇದೆ. ಗುಂಡೇಟಿಗೆ ಒಬ್ಬ ಹುಡುಗ ಸತ್ತ ಮೇಲೆ ನಾಯಕಿ ಪೊಲೀಸ್ ಕೆಲಸ ಬಿಟ್ಟು, ಇನ್ನು ಬಂದೂಕು ಮುಟ್ಟುವುದಿಲ್ಲ ಅಂತ ಊರಿಗೆ ಬರುತ್ತಾಳೆ. ಅಲ್ಲಿ ಶೆರಿಫ್ (ಚುನಾವಣೆಯಲ್ಲಿ ಗೆದ್ದು ಬರುವ ಪೊಲೀಸ್ ಮುಖ್ಯಸ್ಥ) ಆಗಿದ್ದ ಅಪ್ಪನನ್ನು ಕೊಲ್ಲುತ್ತಾರೆ. ಆ ಜಾಗಕ್ಕೆ ಇವಳೇ ಚುನಾವಣೆಗೆ ನಿಲ್ಲುತ್ತಾಳೆ. ಬಂದೂಕು ಬಿಟ್ಟ ಪೊಲೀಸ್! ಕೈಕಾಲಿಗೆ ಕೆಲಸ ಕೊಡಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಾ?

ಆದರೆ ಹೊಡೆದಾಟ ಶುರುವಾದಾಗ ಬಿಸಿಯೇ ಏರುವುದಿಲ್ಲ. ಒಂದು ದೃಶ್ಯ ನಿಲ್ಲಿಸಿ ನಮ್ಮ ಮಕ್ಕಳಿಗೆ ತೋರಿಸಿದೆ. ಹತ್ತು ವರ್ಷದ ಒಬ್ಬ ಕೇಳಿದ, “ಸರ್, ಸೊಂಟ ಎಲ್ಲಿ?” ಒದೆತ ಹುಟ್ಟುವುದೇ ಸೊಂಟದಲ್ಲಿ. ನಿಂತ ಕಾಲು ತಿರುಗುತ್ತದೆ, ಸೊಂಟ ತಿರುಗುತ್ತದೆ, ಆಮೇಲೆ ಇನ್ನೊಂದು ಕಾಲು ಬರುತ್ತದೆ. ಕ್ಯಾಮೆರಾ ಆ ಕೊನೆಯ ಕಾಲನ್ನು ಮಾತ್ರ ಹಿಡಿದರೆ ಎಂಥ ಚಾಂಪಿಯನ್ ಆದರೂ ಗಾಳಿಗೆ ಕಾಲು ಬೀಸಿದ ಹಾಗೆ ಕಾಣುತ್ತದೆ. ಎದುರಿನವರೂ ತಮ್ಮ ಸರದಿಗೆ ಕಾಯುತ್ತಾ ನಿಂತಿರುತ್ತಾರೆ.

ಯಕ್ಷಗಾನ ನೋಡಿ ಬೆಳೆದ ನಮಗೆ ಇದು ಬೇಗ ಗೊತ್ತಾಗುತ್ತದೆ, ಅಲ್ವಾ? ತೆಂಕುತಿಟ್ಟಿನಲ್ಲಿ ವೇಷ ಧೀಂಗಿಣ (ಗಿರಗಿರನೆ ತಿರುಗುವ ಕುಣಿತ) ಹಾಕುವಾಗ ಚೆಂಡೆಯ ಪೆಟ್ಟಿಗೂ ಕಾಲಿಗೂ ಒಂದೇ ಲೆಕ್ಕ. ಎದುರಿನ ವೇಷ ಸುಮ್ನೆ ನಿಂತರೆ ಯುದ್ಧಕ್ಕೆ ಕಳೆಯೇ ಇಲ್ಲ.

ಇದೇ ರಾಥ್‌ರಾಕ್ 1985ರಲ್ಲಿ ಹಾಂಗ್‌ಕಾಂಗ್‌ನಲ್ಲಿ ‘ಯೆಸ್, ಮೇಡಂ’ ಮಾಡಿದ್ದರು. ಅದೂ ಪೊಲೀಸ್ ಕಥೆಯೇ, ಜೊತೆಗೆ ಮಿಶೆಲ್ ಯೋ. ನಿರ್ದೇಶಕ ಕೋರಿ ಯುಯೆನ್ ಸ್ವತಃ ಫೈಟ್ ಕಟ್ಟುತ್ತಿದ್ದವರು. ಅಲ್ಲಿ ಒದೆಸಿಕೊಂಡವರು ಬೀಳುವ ರೀತಿ ನೋಡಿ. ಆ ಪೆಟ್ಟು ನಮಗೇ ತಾಗಿದ ಹಾಗಾಗುತ್ತದೆ. ಅಲ್ಲಿ ಒಂದು ಫೈಟಿಗೆ ದಿನಗಟ್ಟಲೆ ಸಮಯ ಕೊಡುತ್ತಿದ್ದರು. ‘ಚೈನಾ ಓಬ್ರಯನ್’ನಲ್ಲಿ ನನಗೆ ಕಾಣದೆ ಹೋದದ್ದು ಆ ತಾಳ್ಮೆ.

ದುಡ್ಡಿನ ಮಾತಿಗೆ ಬಂದರೆ, 2011ರ ಇಂಡೊನೇಷ್ಯಾದ ‘ದ ರೈಡ್’ ಸುಮಾರು 11 ಲಕ್ಷ ಡಾಲರ್‌ನಲ್ಲಿ ಆದ ಪೊಲೀಸ್ ಸಿನಿಮಾ. ಹಾಲಿವುಡ್ ಲೆಕ್ಕಕ್ಕೆ ಅದು ಪುಡಿಗಾಸು. ಹೆಚ್ಚುಕಡಿಮೆ ಇಡೀ ಕಥೆ ಒಂದೇ ಕಟ್ಟಡದೊಳಗೆ. ಅಲ್ಲಿನ ಸಮರಕಲೆ ಸಿಲಾಟ್ ಕಲಿತವರನ್ನೇ ನಾಯಕನನ್ನಾಗಿ ಮಾಡಿ, ಅವರ ಮೈ ಪೂರ್ತಿ ಕಾಣುವ ಹಾಗೆ ತೆಗೆದರು.

‘ಚೈನಾ ಓಬ್ರಯನ್’ನಲ್ಲಿ ಜೊತೆಗೆ ನಟಿಸಿದ ಕೀತ್ ಕುಕ್ ಅವರ ಒದೆತಗಳು ಮಾತ್ರ ನೋಡುವ ಹಾಗಿವೆ. ಆದರೆ ರಾಥ್‌ರಾಕ್ ಏನು ಅಂತ ತಿಳಿಯಬೇಕಿದ್ದರೆ ‘ಯೆಸ್, ಮೇಡಂ’ನ ಕೊನೆಯ ಹೊಡೆದಾಟ ಹಾಕಿ. ಮಿಶೆಲ್ ಯೋ ಮಹಡಿಯ ರೇಲಿಂಗ್‌ಗೆ ಕಾಲು ಸಿಕ್ಕಿಸಿ, ತಲೆಕೆಳಗಾಗಿ ಗಾಜು ಒಡೆದು ಇಬ್ಬರನ್ನು ಎಳೆದು ಬೀಳಿಸುವುದೂ ಅಲ್ಲೇ ಇದೆ. ನಮ್ಮ ಮಕ್ಕಳು ಅದನ್ನು ಮೂರು ಸಲ ಹಾಕಿಸಿಕೊಂಡರು.