ಕುತ್ತಿಗೆ, ಭುಜದ ಹಳೆಯ ನೋವಿಗೆ ಡ್ರೈ ನೀಡ್ಲಿಂಗ್ ಮಾಡಿಸಬಹುದೇ?

ಚನ್ನಗಿರಿ ಕಡೆ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವ ನಿಮ್ಮ ತಾಯಿಗೆ ಕಳೆದ ಸುಗ್ಗಿಯಿಂದ ಬಲಭುಜದಲ್ಲಿ ನೋವಿದೆ, ಅದು ಕುತ್ತಿಗೆಯ ಪಕ್ಕದಿಂದ ಕಿವಿಯ ಹಿಂದೆ ಹತ್ತಿ ತಲೆಯವರೆಗೂ ಎಳೆಯುತ್ತದೆ, ಎಕ್ಸ್‌ರೇ ನೋಡಿದವರು ಕುತ್ತಿಗೆಯ ಮೂಳೆ ಸವೆದಿದೆ ಎಂದಿದ್ದಾರೆ, ಮಾತ್ರೆ ನಿಲ್ಲಿಸಿದರೆ ನೋವು ಮತ್ತೆ ಬರುತ್ತದೆ ಎಂದು ಬರೆದಿದ್ದೀರಿ. ಈಗ ಒಬ್ಬ ಫಿಸಿಯೋಥೆರಪಿಸ್ಟ್ ಡ್ರೈ ನೀಡ್ಲಿಂಗ್ (ಔಷಧವಿಲ್ಲದೆ ಬರೀ ಸೂಜಿಯನ್ನು ನೋಯುವ ಸ್ನಾಯುವಿಗೆ ಚುಚ್ಚುವ ಚಿಕಿತ್ಸೆ) ಮಾಡಿಸಿಕೊಳ್ಳಲು ಹೇಳಿರುವುದರಿಂದ, ಅದು ಅಕ್ಯುಪಂಕ್ಚರೇ, ಸೂಜಿಯಿಂದ ನರಕ್ಕೆ ಪೆಟ್ಟಾಗುವುದಿಲ್ಲವೇ, ನಿಜವಾಗಿ ಗುಣವಾಗುತ್ತದೆಯೇ ಎಂದು ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಅಡಿಕೆ ಸುಲಿಯುವವರು, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು, ಎಪಿಎಂಸಿಯ ಹಮಾಲರು, ಹೊಲಿಗೆಯವರು ಇದೇ ನೋವನ್ನು ಹೇಳಿಕೊಂಡು ಬರುವುದನ್ನು ದಿನವೂ ನೋಡುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಈ ಚಿಕಿತ್ಸೆ ನಿಮ್ಮ ತಾಯಿಗೆ ತಕ್ಕದ್ದೇ ಎಂಬುದು ಎಕ್ಸ್‌ರೇಯಿಂದ ತಿಳಿಯುವುದಿಲ್ಲ, ಕೈಯಿಂದ ಮುಟ್ಟಿ ಪರೀಕ್ಷಿಸಿದಾಗ ಮಾತ್ರ ತಿಳಿಯುತ್ತದೆ. ನಲವತ್ತು ದಾಟಿದವರಲ್ಲಿ ಯಾವ ನೋವೂ ಇಲ್ಲದ ಎಷ್ಟೋ ಜನರ ಕುತ್ತಿಗೆಯ ಎಕ್ಸ್‌ರೇಯಲ್ಲಿ ಸವೆತ ಕಾಣುತ್ತದೆ. ಆದ್ದರಿಂದ ಸವೆತ ಕಂಡಿದೆ ಎಂಬ ಮಾತ್ರಕ್ಕೆ ನೋವಿಗೆ ಅದೇ ಕಾರಣ ಎಂದು ಹೇಳಲಾಗದು. ಕುತ್ತಿಗೆಯ ಬುಡದಿಂದ ಭುಜದ ತುದಿಯವರೆಗೆ ಹರಡಿರುವ ಟ್ರಪೀಜಿಯಸ್ ಸ್ನಾಯುವಿನ ಮೇಲ್ಭಾಗವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ನಿಧಾನವಾಗಿ ಹೊರಳಿಸಿದರೆ, ಗೋಣಿಚೀಲದ ಅಂಚಿನೊಳಗೆ ಸೇರಿಕೊಂಡ ಹುರಿಯಂತೆ ಬಿಗಿಯಾದ ಒಂದು ಎಳೆ ಬೆರಳಿಗೆ ಸಿಗುತ್ತದೆ. ಆ ಎಳೆಯಲ್ಲಿ ಒಂದು ಜಾಗ ಉಳಿದೆಲ್ಲಕ್ಕಿಂತ ಹೆಚ್ಚು ನೋಯುತ್ತದೆ. ಅದನ್ನು ಕೆಲವು ಸೆಕೆಂಡು ಒತ್ತಿ ಹಿಡಿದಾಗ ನೋವು ಕುತ್ತಿಗೆಯ ಪಕ್ಕದಿಂದ ಕಿವಿಯ ಹಿಂದೆ ಸಾಗಿ ಕಣತಲೆಗೆ ಹೋಗಿ, ರೋಗಿ ತಾನಾಗಿಯೇ "ಇದೇ ನೋಡಿ, ದಿನಾ ಕಾಡುವ ನೋವು ಇದೇ" ಎಂದರೆ, ಅದನ್ನು ಟ್ರಿಗರ್ ಪಾಯಿಂಟ್, ಅಂದರೆ ನೋವಿನ ಗಂಟು, ಎಂದು ನಾವು ಪರಿಗಣಿಸುತ್ತೇವೆ. ಒತ್ತಿದಲ್ಲಿ ನೋಯುವುದಷ್ಟೇ ಸಾಲದು, ಏಕೆಂದರೆ ಜೋರಾಗಿ ಒತ್ತಿದರೆ ಯಾರ ಭುಜವಾದರೂ ನೋಯುತ್ತದೆ. ನಿಮ್ಮ ತಾಯಿಗೆ ಈ ಪರೀಕ್ಷೆ ಆಗಿದೆಯೇ ಎಂದು ಮೊದಲು ವಿಚಾರಿಸಿ. ಆಗದೆ ಸೂಜಿಯ ಮಾತು ಬಂದಿದ್ದರೆ ನಾನಾಗಿದ್ದರೆ ಒಪ್ಪುತ್ತಿರಲಿಲ್ಲ.

ಸ್ನಾಯುವಿನ ಒಂದು ಕಡೆ ತೊಂದರೆಯಿದ್ದು ಇನ್ನೊಂದು ಕಡೆ ನೋವು ಕಾಣಿಸಿಕೊಳ್ಳುವುದನ್ನು ದಶಕಗಳ ಕಾಲ ಅಭ್ಯಾಸ ಮಾಡಿ ದಾಖಲಿಸಿದವರು ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್. ಅಧ್ಯಕ್ಷ ಕೆನಡಿಯವರ ಬೆನ್ನುನೋವಿಗೆ ಚಿಕಿತ್ಸೆ ನೀಡಿ, ನಂತರ ಶ್ವೇತಭವನದ ವೈದ್ಯೆಯಾದವರು. ಅವರು ಆ ಗಂಟುಗಳಿಗೆ ಮರಗಟ್ಟಿಸುವ ಔಷಧವನ್ನು ಚುಚ್ಚುತ್ತಿದ್ದರು. 1979ರಲ್ಲಿ ಜೆಕೊಸ್ಲೊವಾಕಿಯಾದ ವೈದ್ಯ ಕರೆಲ್ ಲೆವಿಟ್, ನೋವಿನ ಸರಿಯಾದ ಬಿಂದುವಿಗೆ ಸೂಜಿ ತಾಗಿದರೆ ಔಷಧವಿಲ್ಲದೆಯೂ ನೋವು ಇಳಿಯುತ್ತದೆ ಎಂಬುದನ್ನು ತಮ್ಮ ರೋಗಿಗಳ ದಾಖಲೆಗಳಿಂದ ತೋರಿಸಿದರು. ಈಗ ನಾವು ಮಾಡುವುದು ಅದನ್ನೇ. ಸೂಜಿ ಅಕ್ಯುಪಂಕ್ಚರಿನದೇ, ಸಾಮಾನ್ಯವಾಗಿ ಕಾಲು ಮಿಲಿಮೀಟರಿನಷ್ಟು ದಪ್ಪ, ಒಳಗೆ ಟೊಳ್ಳಿಲ್ಲ. ಆದರೆ ಚೀನಾದ ಪದ್ಧತಿಯಲ್ಲಿ ಸೂಜಿಯ ಜಾಗವನ್ನು ಅವರ ಶಾಸ್ತ್ರದ ನಾಡಿಮಾರ್ಗಗಳು ತೀರ್ಮಾನಿಸಿದರೆ, ಇಲ್ಲಿ ಅಂಗರಚನೆ ಮತ್ತು ಬೆರಳಿಗೆ ಸಿಕ್ಕ ಗಂಟು ತೀರ್ಮಾನಿಸುತ್ತವೆ.

ಟ್ರಪೀಜಿಯಸ್‌ಗೆ ಸೂಜಿ ಹಾಕುವಾಗ ರೋಗಿಯನ್ನು ಬೋರಲಾಗಿ ಅಥವಾ ಮಗ್ಗುಲಾಗಿ ಮಲಗಿಸುತ್ತೇವೆ. ಕೆಲವರಿಗೆ ತಲೆ ಸುತ್ತಿ ಬರುವುದುಂಟು, ಹಾಗಾಗಿ ಕೂರಿಸಿ ಮಾಡುವುದು ನನಗೆ ಸರಿಬರುವುದಿಲ್ಲ. ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿ, ಸ್ನಾಯುವನ್ನು ಬೆರಳುಗಳ ನಡುವೆ ಹಿಡಿದು ಎದೆಗೂಡಿನಿಂದ ಮೇಲೆತ್ತಿ, ಆ ಹಿಡಿತದೊಳಗೇ ಸೂಜಿ ಇಳಿಸುತ್ತೇವೆ. ಚರ್ಮ ದಾಟುವುದು ಬಹುಮಟ್ಟಿಗೆ ತಿಳಿಯುವುದೇ ಇಲ್ಲ. ಗಂಟಿಗೆ ತಾಗಿದಾಗ ಸ್ನಾಯು ತನ್ನಷ್ಟಕ್ಕೆ ಒಮ್ಮೆ ಎಗರುತ್ತದೆ, ಜೊತೆಗೆ ಆಳದಲ್ಲಿ ಹಿಂಡಿದಂಥ ನೋವು ಕ್ಷಣಕಾಲ ಬರುತ್ತದೆ. ಇದನ್ನು ರೋಗಿಗೆ ಮೊದಲೇ ಹೇಳಿರಬೇಕು. ಹೇಳದಿದ್ದರೆ ನರಕ್ಕೆ ಏನೋ ಆಯಿತೆಂದು ಗಾಬರಿಯಾಗುತ್ತಾರೆ. ನರಕ್ಕೆ ತಾಗಿದರೆ ಆಗುವ ಅನುಭವವೇ ಬೇರೆ, ಕರೆಂಟ್ ಹೊಡೆದಂತೆ ಚುರುಕ್ಕೆನ್ನುತ್ತದೆ. ಹಾಗಾದರೆ ತಕ್ಷಣ ಹೇಳಬೇಕು, ಸೂಜಿಯನ್ನು ಹಿಂದಕ್ಕೆಳೆಯಬೇಕು. ಮುಗಿದ ಮೇಲೆ ಒಂದೆರಡು ದಿನ ಆ ಭಾಗ ಜಡ್ಡುಗಟ್ಟಿದಂತೆ ನೋಯುವುದು, ಸಣ್ಣದಾಗಿ ಕಂದುಗಟ್ಟುವುದು ಸಾಮಾನ್ಯ.

ಗುಣವಾಗುತ್ತದೆಯೇ ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ಹೇಳುವುದಾದರೆ, ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ನೋವು ಕಡಿಮೆಯಾಗುತ್ತದೆ ಎಂಬುದಕ್ಕೆ ತಕ್ಕಮಟ್ಟಿಗೆ ಪುರಾವೆಯಿದೆ. ವರ್ಷಗಟ್ಟಲೆ ನಿಲ್ಲುವ ಪರಿಹಾರ ಇದೊಂದರಿಂದಲೇ ಸಿಗುತ್ತದೆ ಎಂಬುದಕ್ಕೆ ಗಟ್ಟಿಯಾದ ಪುರಾವೆಯಿಲ್ಲ. ಈ ಗಂಟಿನೊಳಗೆ ನಡೆಯುವುದೇನು ಎಂಬುದೂ ಇನ್ನೂ ಚರ್ಚೆಯಲ್ಲಿದೆ. ನರ ಸ್ನಾಯುವನ್ನು ಸೇರುವಲ್ಲಿ, ಸ್ನಾಯುವಿಗೆ ಬಿಗಿಯಾಗಲು ಸೂಚನೆ ಕೊಡುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಅತಿಯಾಗಿ ಸೋರಿ ಎಳೆಗಳು ಬಿಗಿಯಾಗಿಯೇ ಉಳಿಯುತ್ತವೆ, ಅಲ್ಲಿ ರಕ್ತಸಂಚಾರ ಕುಗ್ಗಿ ನೋವು ಹುಟ್ಟಿಸುವ ರಾಸಾಯನಿಕಗಳು ಸೇರುತ್ತವೆ ಎಂಬುದು ಹೆಚ್ಚು ಜನ ಒಪ್ಪುವ ವಿವರಣೆ. ಈ ಇಡೀ ಸಿದ್ಧಾಂತವೇ ಸರಿಯಲ್ಲ, ತೊಂದರೆ ಇರುವುದು ನರಗಳ ಸೂಕ್ಷ್ಮತೆಯಲ್ಲಿ ಎಂದು 2015ರಲ್ಲಿ ಆಸ್ಟ್ರೇಲಿಯಾದ ವೈದ್ಯ ಕ್ವಿಂಟ್ನರ್ ಮತ್ತು ಸಂಗಡಿಗರು ಬಲವಾಗಿಯೇ ವಾದಿಸಿದ್ದಾರೆ. ಅವರ ವಾದದಲ್ಲಿ ತಿರುಳಿದೆ ಎಂದೇ ನನ್ನ ಅಭಿಪ್ರಾಯ. ಹಾಗಿದ್ದೂ ನಾನು ಸೂಜಿಯನ್ನು ಬಳಸುತ್ತೇನೆ, ಏಕೆಂದರೆ ಕುತ್ತಿಗೆ ತಿರುಗಿಸಲೂ ಹೆದರುವ ಸ್ಥಿತಿಯಲ್ಲಿ ಬಂದವರು ಅದರ ನಂತರ ವ್ಯಾಯಾಮ ಮಾಡಬಲ್ಲವರಾಗುತ್ತಾರೆ, ಮತ್ತು ನೋವು ಮರುಕಳಿಸದಂತೆ ತಡೆಯುವ ಕೆಲಸವನ್ನು ಆ ವ್ಯಾಯಾಮವೇ ಮಾಡಬೇಕು.

ನಿಮ್ಮ ತಾಯಿಯ ಕೆಲಸವನ್ನೇ ನೋಡಿ. ನೆಲದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು, ತಲೆ ಬಗ್ಗಿಸಿ, ಬಲಭುಜವನ್ನು ತುಸು ಎತ್ತಿ ಹಿಡಿದೇ ಗಂಟೆಗಟ್ಟಲೆ ಸುಲಿಯುತ್ತಾರೆ. ಸುಲಿದಷ್ಟಕ್ಕೇ ಕೂಲಿ ಆದ್ದರಿಂದ ನಡುವೆ ಏಳುವುದೂ ಇಲ್ಲ. ಈ ಸ್ಥಿತಿಯಲ್ಲಿ ಟ್ರಪೀಜಿಯಸ್‌ಗೆ ಸಡಿಲಗೊಳ್ಳುವ ಅವಕಾಶವೇ ಸಿಗುವುದಿಲ್ಲ. ಕೆಲಸ ಬಿಡಿ ಎಂದು ಹೇಳುವುದು ಸುಲಭ, ಮನೆ ನಡೆಯಬೇಕಲ್ಲ. ಕುಳಿತುಕೊಳ್ಳಲು ಗಿಡ್ಡನೆಯ ಮಣೆ ಹಾಕಿಕೊಂಡು, ಕತ್ತಿಯನ್ನು ಮೊಣಕೈಯ ಮಟ್ಟಕ್ಕೆ ತಂದುಕೊಂಡರೆ ಭುಜ ಎತ್ತಬೇಕಾಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಕೈ ಕೆಳಗಿಟ್ಟು ಭುಜಗಳನ್ನು ಕಿವಿಯವರೆಗೆ ಎತ್ತಿ ಸಡಿಲ ಬಿಡುವುದು, ಕುತ್ತಿಗೆಯನ್ನು ಎರಡೂ ಕಡೆ ತಿರುಗಿಸುವುದು ಒಂದು ನಿಮಿಷದ ಕೆಲಸ. ಮನೆಯಲ್ಲಿ ನೀರು ತುಂಬಿದ ಒಂದು ಲೀಟರಿನ ಬಾಟಲಿಗಳನ್ನು ಎರಡೂ ಕೈಯಲ್ಲಿ ಹಿಡಿದು ಭುಜ ಎತ್ತಿ ಇಳಿಸುವುದನ್ನು, ತೂಕವನ್ನು ಕ್ರಮೇಣ ಹೆಚ್ಚಿಸುತ್ತಾ, ತಿಂಗಳುಗಟ್ಟಲೆ ಮಾಡಬೇಕಾಗುತ್ತದೆ. ಸೂಜಿ ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಕೆಲವು ಬಾರಿ ಸಾಕು. ಎರಡು ಮೂರು ಬಾರಿಯ ನಂತರವೂ ಏನೂ ವ್ಯತ್ಯಾಸ ಕಾಣದಿದ್ದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಇಪ್ಪತ್ತು ಸಿಟ್ಟಿಂಗಿನ ಪ್ಯಾಕೇಜಿಗೆ ಮುಂಗಡ ಕಟ್ಟಿ ಎನ್ನುವ ಕಡೆ ಹೋಗಬೇಡಿ.

ಅಪಾಯದ ಬಗ್ಗೆ ನೀವು ಕೇಳಿದ್ದು ಸರಿಯಾಗಿದೆ. ನರಕ್ಕಿಂತ ನಾನು ಹೆಚ್ಚು ಎಚ್ಚರ ವಹಿಸುವುದು ಶ್ವಾಸಕೋಶದ ಬಗ್ಗೆ, ಏಕೆಂದರೆ ಅದರ ತುದಿ ಕೊರಳೆಲುಬಿಗಿಂತಲೂ ತುಸು ಮೇಲಕ್ಕೆ ಬಂದಿರುತ್ತದೆ. ಸೂಜಿಯ ದಿಕ್ಕು ತಪ್ಪಿ ಅದಕ್ಕೆ ತಾಗಿದರೆ ಸುತ್ತಲೂ ಗಾಳಿ ಸೇರಿಕೊಂಡು ಶ್ವಾಸಕೋಶ ಕುಗ್ಗಬಹುದು. ಇದು ಅಪರೂಪ, ಆದರೆ ಆಗಿರುವುದುಂಟು. ಚಿಕಿತ್ಸೆಯ ದಿನ ಅಥವಾ ಮರುದಿನ ಉಸಿರು ಕಟ್ಟಿದಂತಾದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕಾರಣವಿಲ್ಲದೆ ಒಣಕೆಮ್ಮು ಶುರುವಾದರೆ, ಬೆಳಗಾಗಲಿ ಎಂದು ಕಾಯದೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ನಿಮಗೆ ಹತ್ತಿರದ ಇನ್ನಾವುದೇ ತುರ್ತು ವಿಭಾಗಕ್ಕೋ ಹೋಗಿ, ಭುಜಕ್ಕೆ ಸೂಜಿ ಹಾಕಿಸಿಕೊಂಡಿದ್ದನ್ನು ತಿಳಿಸಿ ಎದೆಯ ಎಕ್ಸ್‌ರೇ ಮಾಡಿಸಿ. ಈ ಕಾರಣಕ್ಕಾಗಿಯೇ ಸೂಜಿ ಹಿಡಿಯುವವರು ಯಾರು ಎಂಬುದು ಮುಖ್ಯ. ಫಿಸಿಯೋಥೆರಪಿ ಪದವಿಯ ಮೇಲೆ ಇದಕ್ಕೆಂದೇ ತರಬೇತಿ ಪಡೆದಿದ್ದಾರೆಯೇ, ಎಷ್ಟು ಕಾಲದಿಂದ ಮಾಡುತ್ತಿದ್ದಾರೆ ಎಂದು ಸಂಕೋಚವಿಲ್ಲದೆ ಕೇಳಿ. ಸೂಜಿಯ ಪೊಟ್ಟಣವನ್ನು ನಿಮ್ಮೆದುರಿನಲ್ಲೇ ಒಡೆಯಬೇಕು, ಬಳಸಿದ ಸೂಜಿ ಡಬ್ಬಿ ಸೇರಬೇಕು.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ, ಆ ಭಾಗದ ಚರ್ಮದಲ್ಲಿ ಸೋಂಕಿದ್ದರೆ, ಸ್ತನದ ಶಸ್ತ್ರಚಿಕಿತ್ಸೆಯ ನಂತರ ಆ ಕಡೆಯ ತೋಳು ಊದಿಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಸೂಜಿಯೆಂದರೆ ತಾಯಿಗೆ ವಿಪರೀತ ಭಯವಿದ್ದರೆ ಒತ್ತಾಯಿಸಬೇಡಿ. ಅದೇ ಬಿಂದುವನ್ನು ಬೆರಳಿನಿಂದ ಒತ್ತಿ ಸಡಿಲಿಸಿ, ಶಾಖ ಕೊಟ್ಟು, ವ್ಯಾಯಾಮಕ್ಕೆ ಹಚ್ಚಿದರೂ ಅನೇಕರಿಗೆ ಗುಣ ಕಂಡಿದೆ. ಇನ್ನು ಕೈ ಬೆರಳು ಜೋಮು ಹಿಡಿಯುವುದು, ಹಿಡಿದ ವಸ್ತು ಕೈಯಿಂದ ಜಾರುವುದು, ನಡೆಯುವಾಗ ಕಾಲು ತಡವರಿಸುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಲು ಬಿಡದ ನೋವು, ಇವುಗಳಲ್ಲಿ ಯಾವುದೊಂದಿದ್ದರೂ ಸೂಜಿಯ ವಿಚಾರವನ್ನು ಬದಿಗಿಟ್ಟು, ಮೊದಲು ಮೂಳೆ ಅಥವಾ ನರರೋಗದ ವೈದ್ಯರಿಗೆ ತೋರಿಸಿ.