ಗೋಡೆ ಗೀಚಿದವರಿಗೆ ಶಿಕ್ಷೆಯಾಗಬೇಕೆ? ಬಣ್ಣದ ಡಬ್ಬಿ ತೆರೆಯುವ ಮೊದಲು ದಾಖಲೆ ಮಾಡಿ

ಪ್ರಶ್ನೆ: ತುಮಕೂರಿನ ನಮ್ಮ ಮನೆಯ ಕಾಂಪೌಂಡ್ ಮೇಲೆ ಎರಡು ತಿಂಗಳಲ್ಲಿ ಮೂರು ಸಲ ಕೆಂಪು ಸ್ಪ್ರೇ ಪೇಂಟ್‌ನಲ್ಲಿ ಹೆಸರು, ಹಾರ್ಟ್ ಗುರುತು ಗೀಚಿದ್ದಾರೆ. ಸ್ಟೇಷನ್ನಿಗೆ ಹೋದರೆ ‘ಇದಕ್ಕೆಲ್ಲ ಎಫ್‌ಐಆರ್ ಆಗಲ್ಲ’ ಅಂದರು. ನಿಜವೇ?

ಉತ್ತರ: ಅರ್ಧ ನಿಜ. ಬೇಕೆಂದೇ ಇನ್ನೊಬ್ಬರ ಆಸ್ತಿ ಹಾಳು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂನಲ್ಲಿ ಬರುತ್ತದೆ. ಸಾಮಾನ್ಯ ಹಾನಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ನಷ್ಟ 20 ಸಾವಿರದಿಂದ 1 ಲಕ್ಷದೊಳಗಿದ್ದರೆ ಜೈಲು 2 ವರ್ಷದವರೆಗೆ ಹೋಗಬಹುದು, 1 ಲಕ್ಷ ಅಥವಾ ಮೇಲ್ಪಟ್ಟಿದ್ದರೆ 5 ವರ್ಷದವರೆಗೆ. 1 ಲಕ್ಷ ಮುಟ್ಟದ ಪ್ರಕರಣ ಅಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಹಾಗಂತ ನಿಮ್ಮನ್ನು ಬರಿಗೈಲಿ ಕಳಿಸುವಂತೆಯೂ ಇಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಂ ಪ್ರಕಾರ ನಿಮ್ಮ ಮಾಹಿತಿಯನ್ನು ಪುಸ್ತಕದಲ್ಲಿ ದಾಖಲಿಸಿ, ಮ್ಯಾಜಿಸ್ಟ್ರೇಟರ ಬಳಿ ಹೋಗಲು ತಿಳಿಸಬೇಕು. ಸ್ಟೇಷನ್ನಿನವರು ಇದನ್ನು ‘ಎನ್‌ಸಿಆರ್’ ಅನ್ನುತ್ತಾರೆ. ಅದರ ನಂಬರ್ ಕೇಳಿ ಬರೆದುಕೊಳ್ಳಿ. ಮೂರು ಸಲ ಗೀಚಿದ್ದರೆ ಮೂರು ದೂರು, ಮೂರು ನಂಬರ್ ಇರಬೇಕು. ಮ್ಯಾಜಿಸ್ಟ್ರೇಟರ ಮುಂದೆ ನಿಮ್ಮ ಮಾತಿಗೆ ತೂಕ ಬರುವುದು ಅದರಿಂದಲೇ.

ನಷ್ಟದ ಮೊತ್ತದ ಮೇಲೆ ಶಿಕ್ಷೆ ನಿಂತಿರುವುದರಿಂದ ಪೇಂಟರ್ ಬಳಿ ಅಳತೆ ಸಮೇತ ಲಿಖಿತ ಕೊಟೇಶನ್ ತನ್ನಿ. 40 ಅಡಿ ಉದ್ದ, 6 ಅಡಿ ಎತ್ತರದ ಗೋಡೆ 240 ಚದರಡಿ. ಚದರಡಿಗೆ 25 ರೂಪಾಯಿ ಹಿಡಿದರೆ 6,000. ಅದೇ ಗೋಡೆಗೆ ಕಲ್ಲಿನ ಕ್ಲಾಡಿಂಗ್ ಇದ್ದು, ಹಾಳಾದ ಹಲಗೆಗಳನ್ನೇ ಬದಲಿಸಬೇಕಾದರೆ ಲೆಕ್ಕ 20 ಸಾವಿರ ದಾಟಬಹುದು. ಉಬ್ಬಿಸಿ ಮಾತ್ರ ಬರೆಸಬೇಡಿ, ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲ.

ಫೋಟೊಗಳಲ್ಲಿ ಒಂದು ದೂರದಿಂದ, ಗೇಟು ಮತ್ತು ಮನೆ ನಂಬರ್ ಕಾಣುವಂತೆ ಇರಲಿ. ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ಸ್ಕೇಲ್ ಹಿಡಿದು. ಅದೇ ದಿನ ಎದುರು ಮನೆ, ಪಕ್ಕದ ಅಂಗಡಿಯ ಸಿಸಿಟಿವಿ ಕೇಳಿ. ಡಿಸ್ಕ್ ತುಂಬಿದಂತೆ ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಹೆಚ್ಚಿನ ಪ್ರಕರಣಗಳು ಕೈಬಿಡುವುದು ಈ ಜಾಗದಲ್ಲೇ. ಪೆನ್‌ಡ್ರೈವ್‌ಗೆ ಇಳಿಸಿದರೆ ಸಾಲದು, ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರವೂ ಬೇಕು. ಅದರ ‘ಎ’ ಭಾಗಕ್ಕೆ ಉಪಕರಣ ನೋಡಿಕೊಳ್ಳುವವರು, ‘ಬಿ’ ಭಾಗಕ್ಕೆ ತಜ್ಞರು ಸಹಿ ಹಾಕುತ್ತಾರೆ.

ರಾಜ್ಯದ್ದೇ ಇನ್ನೊಂದು ಕಾನೂನಿದೆ: ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ, 1981. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾಹೀರಾತು ಅಂಟಿಸಿದರೆ, ಬರೆದರೆ 6 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಖಾಸಗಿ ಗೋಡೆಯೂ ರಸ್ತೆಗೆ ಕಾಣುವಂತಿದ್ದರೆ ಇದರೊಳಗೇ ಬರುತ್ತದೆ. ಹಾಗಾಗಿ ನೀವೇ ಟ್ಯೂಷನ್ ಸೆಂಟರಿನವರಿಗೆ ‘ಬರ್ಕೊಳ್ಳಿ’ ಅಂದರೂ ಪಾಲಿಕೆಯ ಅನುಮತಿ ತಪ್ಪುವುದಿಲ್ಲ. ಆದರೆ ಈ ಕಾಯ್ದೆ 1981ರಲ್ಲಿ ಮೊದಲು ಜಾರಿಯಾಗಿದ್ದು ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿಯಲ್ಲಿ. ಉಳಿದ ಊರುಗಳಿಗೆ ಸರ್ಕಾರದ ಅಧಿಸೂಚನೆಯಿಂದ ಅನ್ವಯವಾಗುತ್ತದೆ. ನಿಮ್ಮ ಊರಿನ ಅಧಿಸೂಚನೆಯ ಪ್ರತಿಯನ್ನು ಪಾಲಿಕೆಯಿಂದ ಪಡೆದು ದೂರಿಗೆ ಲಗತ್ತಿಸಿ. ಇದೊಂದನ್ನೇ ನಂಬಿ ಕೂರದೆ 324ನೇ ಕಲಂ ಕೂಡ ಬರೆಯಿರಿ.

ಇಷ್ಟಾದ ಮೇಲೆ ಗೋಡೆಯನ್ನು ಬೇಗ ಸರಿಮಾಡಿ. ಒಂದು ಗೀಚು ಉಳಿದರೆ ಪಕ್ಕದಲ್ಲಿ ಇನ್ನೊಂದು ಬರುತ್ತದೆ. ಥಿನ್ನರ್ ಹಾಕಿ ಉಜ್ಜಿದರೆ ನಿಮ್ಮ ಎಮಲ್ಷನ್ನೂ ಕರಗಿ, ಕೆಂಪು ಗಾರೆಯೊಳಕ್ಕೆ ಹರಡುತ್ತದೆ. ನೇರವಾಗಿ ಡಿಸ್ಟೆಂಪರ್ ಬಳಿದರೆ ಕೆಂಪು ಮತ್ತೆ ಮೇಲೆದ್ದು ಕಾಣುತ್ತದೆ. ಮೊದಲು ಕಲೆ ತಡೆಯುವ ಪ್ರೈಮರ್ ಒಂದು ಕೋಟ್, ಅದು ಪೂರ್ತಿ ಒಣಗಿದ ಮೇಲೆ ಎರಡು ಕೋಟ್ ಎಮಲ್ಷನ್.

ಪ್ರಶ್ನೆ: ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಬರುವವರು ಕಲ್ಲಿನ ಮೇಲೆ ಹೆಸರು ಕೆತ್ತುವುದು, ಮಾರ್ಕರ್‌ನಲ್ಲಿ ಬರೆಯುವುದು ಕಂಡರೆ ಏನು ಮಾಡಬೇಕು? ನಾವು ಯುವಕರು ಸೇರಿ ಒರೆಸಬಹುದೇ?

ಉತ್ತರ: ನಿಮ್ಮ ಕಾಳಜಿ ದೊಡ್ಡದು, ಆದರೆ ದಯವಿಟ್ಟು ಒರೆಸಬೇಡಿ. ಅದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಕೋಲಾರದ ಕೋಲಾರಮ್ಮ, ಸೋಮೇಶ್ವರ ದೇವಸ್ಥಾನಗಳೂ ಅಷ್ಟೇ. ವೈರ್ ಬ್ರಷ್ ತಾಗಿದರೆ ಶತಮಾನಗಳ ಉಳಿಯ ಗುರುತೇ ಸವೆಯುತ್ತದೆ. ಆಸಿಡ್ ಹಾಕಿದರೆ ಕಲ್ಲಿನ ಬಣ್ಣ ಕೆಟ್ಟು, ಮಸಿಗಿಂತ ದೊಡ್ಡ ಕಲೆ ಉಳಿಯುತ್ತದೆ. ಮಾರ್ಕರ್ ಮಸಿ, ಬಣ್ಣವನ್ನು ಇಲಾಖೆಯ ರಸಾಯನ ತಜ್ಞರು ಲೇಪ ಹಚ್ಚಿ, ಸ್ವಲ್ಪ ಸ್ವಲ್ಪವೇ ಹೀರಿ ತೆಗೆಯಬಲ್ಲರು. ಕೆತ್ತಿದ ಹೆಸರನ್ನು ಯಾರೂ ತೆಗೆಯಲಾರರು. ಕಂಬದ ಮೈಮೇಲಿನ ಎರಡು ಮಿಲಿಮೀಟರ್ ಗೀರು ಅಲ್ಲೇ ಉಳಿಯುತ್ತದೆ.

ಶಿಕ್ಷೆ ಇಲ್ಲಿ ಬಿಗಿಯಾಗಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ 30ನೇ ಕಲಂ, 2010ರ ತಿದ್ದುಪಡಿಯ ನಂತರ, ಸ್ಮಾರಕ ವಿರೂಪಗೊಳಿಸಿದವರಿಗೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ಹೇಳುತ್ತದೆ. ಇದು ಸಂಜ್ಞೇಯ ಅಪರಾಧ, ಆದ್ದರಿಂದ ‘ಎಫ್‌ಐಆರ್ ಆಗಲ್ಲ’ ಅನ್ನುವ ಮಾತು ಇಲ್ಲಿ ನಡೆಯದು. ಗೀಚುವುದು ಕಣ್ಣಿಗೆ ಬಿದ್ದರೆ ಕೈಮಿಲಾಯಿಸಬೇಡಿ. ವಿಡಿಯೊ ಮಾಡಿ, ಗಾಡಿ ನಂಬರ್ ಬರೆದುಕೊಳ್ಳಿ, ಕಾವಲುಗಾರರಿಗೆ ತಿಳಿಸಿ, 112ಕ್ಕೆ ಕರೆ ಮಾಡಿ. ಸ್ಟೇಷನ್ನಿನಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಬರೆದು ಜಿಲ್ಲಾ ಎಸ್ಪಿಗೆ ಅಂಚೆಯಲ್ಲಿ ಕಳಿಸಿ.

ಪ್ರಶ್ನೆ: ಕೋಲಾರ ತಾಲ್ಲೂಕಿನ ಸರ್ಕಾರಿ ಶಾಲೆಯ ಗೋಡೆ ಗೀಚಿದವರು ನಮ್ಮದೇ ಒಂಬತ್ತನೇ ತರಗತಿ ಹುಡುಗರು. ಪೊಲೀಸರಿಗೆ ಹೇಳಿದರೆ ಅವರ ಭವಿಷ್ಯ ಹಾಳಾಗುತ್ತದೆಯೇ?

ಉತ್ತರ: 18 ತುಂಬದ ಮಕ್ಕಳಿಗೆ 2015ರ ಬಾಲನ್ಯಾಯ ಕಾಯ್ದೆ ಅನ್ವಯ. ಇಂಥ ಚಿಕ್ಕ ತಪ್ಪಿಗೆ, ವಯಸ್ಕರು ಜೊತೆಗಿಲ್ಲದಿದ್ದರೆ, ಎಫ್‌ಐಆರ್ ಹಾಕುವುದಿಲ್ಲ. ಠಾಣೆಯ ಮಕ್ಕಳ ಕಲ್ಯಾಣ ಅಧಿಕಾರಿ ಡೈರಿಯಲ್ಲಿ ಬರೆದು, ಮಗುವಿನ ಹಿನ್ನೆಲೆಯ ವರದಿಯನ್ನು ಬಾಲನ್ಯಾಯ ಮಂಡಳಿಗೆ ಕಳಿಸುತ್ತಾರೆ. ಮಂಡಳಿ ಬುದ್ಧಿ ಹೇಳಿ ಬಿಡಬಹುದು, ಸಮುದಾಯ ಸೇವೆಗೆ ಹಚ್ಚಬಹುದು, ಪೋಷಕರಿಂದ ದಂಡ ಕಟ್ಟಿಸಬಹುದು. ದೊಡ್ಡವರಿಗೆ 324ನೇ ಕಲಂನಲ್ಲಿ ಸಮುದಾಯ ಸೇವೆಯ ಶಿಕ್ಷೆಯೇ ಇಲ್ಲ. ಮಕ್ಕಳಿಗೆ ಆ ದಾರಿ ಇರುವುದು ಒಳ್ಳೆಯದೇ. ಮೊದಲ ಸಲವಾದರೆ ಪೋಷಕರನ್ನು ಕರೆಸಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ದಾಖಲಿಸಿ, ದೊಡ್ಡವರು ಜೊತೆಗಿದ್ದು ಆ ಹುಡುಗರ ಕೈಯಲ್ಲೇ ಗೋಡೆಗೆ ಬಣ್ಣ ಹಚ್ಚಿಸಿ. ಗೀಚಿದ್ದರಲ್ಲಿ ಜಾತಿ ನಿಂದನೆಯೋ ಹುಡುಗಿಯೊಬ್ಬಳ ಹೆಸರೋ ಇದ್ದರೆ ಮಾತ್ರ ಒಳಗೊಳಗೇ ಮುಗಿಸಬೇಡಿ. ಫೋಟೊ ತೆಗೆದಿಟ್ಟು, ಸಾಲುಗಳನ್ನು ಅಂದೇ ಮುಚ್ಚಿಸಿ, ಠಾಣೆಗೆ ತಿಳಿಸಿ.